ಫೆರೆಟ್‌ಗಳಿಗೆ ಸ್ನಾನ ನಿಲ್ಲಿಸುತ್ತಿದ್ದೇವೆ, ದಿನದ ದರವೂ ಬದಲಾಗುತ್ತಿದೆ

ನಮಸ್ಕಾರ,

ಮುಂದಿನ ತಿಂಗಳಿನಿಂದ, ನೀವು ಊರಿಗೆ ಹೋಗುವಾಗ ನೋಡಿಕೊಳ್ಳಲು ನಮ್ಮಲ್ಲಿ ಬಿಟ್ಟು ಹೋಗುವ ಫೆರೆಟ್‌ಗಳಿಗೆ (ಮುಂಗುಸಿಯಂತೆ ಕಾಣುವ ಉದ್ದ ಮೈಯ ಸಾಕುಪ್ರಾಣಿ) ಮನೆಗೆ ಕಳಿಸುವ ಮುಂಚೆ ಸ್ನಾನ ಮಾಡಿಸುವುದಿಲ್ಲ. ದಿನದ ದರವೂ ಸ್ವಲ್ಪ ಏರುತ್ತದೆ. ಈಗಾಗಲೇ ಬುಕ್ ಮಾಡಿದವರಿಗೆ ಹಳೆಯ ದರವೇ. ರಜೆ ಹತ್ತಿರ ಬಂದಾಗ ಇದನ್ನು ಹೇಳುತ್ತಿದ್ದೇವೆ, ದಯವಿಟ್ಟು ಬೇಜಾರಾಗಬೇಡಿ.

"ಕೆಲಸ ಕಡಿಮೆ ಮಾಡಿ ದುಡ್ಡು ಜಾಸ್ತಿ ಕೇಳ್ತೀರಲ್ಲ?" ಅಂತ ಬಹಳ ಜನ ಕೇಳಿದ್ದೀರಿ. ಈ ಮಾತು ನಮಗೆ ನಿಜವಾಗಿ ನೋವು ಕೊಟ್ಟಿದೆ. ಕೆಲಸ ಕಡಿಮೆಯಾಗಿಲ್ಲ.

ಫೆರೆಟ್‌ಗೆ ವಾಸನೆ ಬರುವುದು ಕೊಳೆಯಿಂದ ಅಲ್ಲ. ಚರ್ಮದ ಗ್ರಂಥಿಗಳಿಂದ ಒಸರುವ ಎಣ್ಣೆಯ ವಾಸನೆ ಅದು. ಮೇಲಿಂದ ಮೇಲೆ ಶಾಂಪೂ ಹಾಕಿದರೆ ಎಣ್ಣೆ ಹೋಗಿ ಚರ್ಮ ಒಣಗುತ್ತದೆ, ಆಗ ಮೈ ಇನ್ನಷ್ಟು ಎಣ್ಣೆ ಬಿಡುತ್ತದೆ, ನೀವು ಮನೆಗೆ ಕರೆದುಕೊಂಡು ಹೋದ ಒಂದೆರಡು ದಿನಕ್ಕೆ ವಾಸನೆ ಮೊದಲಿಗಿಂತ ಜೋರಾಗಿರುತ್ತದೆ. "ಗುದದ ಪಕ್ಕದ ಗ್ರಂಥಿ ತೆಗೆಸಿದ್ದೀವಿ, ಆದರೂ ಬರುತ್ತೆ" ಅನ್ನುತ್ತೀರಿ. ಆ ಗ್ರಂಥಿ ಕೆಲಸ ಮಾಡುವುದು ಫೆರೆಟ್ ಹೆದರಿದಾಗ. ಮೈವಾಸನೆಗೂ ಅದಕ್ಕೂ ಸಂಬಂಧವಿಲ್ಲ. ಸಂತಾನಹರಣ ಮಾಡಿಸಿದರೆ ಮೈವಾಸನೆ ತಗ್ಗುತ್ತದೆ, ಪೂರ್ತಿ ಹೋಗುವುದಿಲ್ಲ.

ದಿನಕ್ಕೆ 14ರಿಂದ 18 ಗಂಟೆ ಮಲಗುವ ಪ್ರಾಣಿ ಅಲ್ವಾ, ವಾಸನೆಯೆಲ್ಲ ಹಾಸಿಗೆ ಬಟ್ಟೆಯಲ್ಲೇ ಕೂರುತ್ತದೆ. ಹಾಗಾಗಿ ಇನ್ನು ಬಟ್ಟೆ, ತೂಗುಜೋಲಿ ಎಲ್ಲವನ್ನೂ ನಾವು ಹೆಚ್ಚು ಸಲ ಒಗೆಯುತ್ತೇವೆ. ಸ್ನಾನಕ್ಕಿಂತ ಇದು ದೊಡ್ಡ ಕೆಲಸ.

"ಮಲಗಿರೋ ಪ್ರಾಣಿಗೆ ಏನು ಖರ್ಚು?" ಅನ್ನುವವರೂ ಇದ್ದಾರೆ. ಫೆರೆಟ್‌ಗೆ ಸೆಕೆ ತಡೆಯುವುದಿಲ್ಲ. 30 ಡಿಗ್ರಿ ದಾಟಿದರೆ ಜೀವಕ್ಕೇ ಅಪಾಯ, ಅದಕ್ಕೇ ಬೇಸಿಗೆಯಲ್ಲಿ ಏಸಿ ರಾತ್ರಿಯೂ ಆರಿಸುವಂತಿಲ್ಲ. ಕರೆಂಟ್ ಬಿಲ್ ನಾವು ಏರಿಸಿದ್ದಲ್ಲ. ಮಾಂಸದ ಬೆಲೆಯೂ ಅಷ್ಟೇ. ಇದು ಅಪ್ಪಟ ಮಾಂಸಾಹಾರಿ, ಕರುಳು ಗಿಡ್ಡ, ತಿಂದದ್ದು ಮೂರು ನಾಲ್ಕು ಗಂಟೆಯಲ್ಲಿ ಹೊರಗೆ ಬರುತ್ತದೆ, ಹಾಗಾಗಿ ದಿನಕ್ಕೆ ಎರಡು ಹೊತ್ತು ಊಟ ಹಾಕಿ ಸುಮ್ನಿರಲು ಆಗುವುದಿಲ್ಲ. ಧಾನ್ಯ ತುಂಬಿದ ಅಗ್ಗದ ಆಹಾರ ಸಿಗುತ್ತದೆ. ಅದನ್ನು ನಾವು ಹಾಕಿಲ್ಲ, ಹಾಕುವುದೂ ಇಲ್ಲ.

ಇನ್ನು ಗೂಡಿನಿಂದ ಹೊರಗೆ ಬಿಡುವ ಹೊತ್ತು. ದಿನಕ್ಕೆ ನಾಲ್ಕು ಗಂಟೆ ಓಡಾಡಲೇಬೇಕು. ಚಪ್ಪಲಿಯ ರಬ್ಬರ್, ಸ್ಪಂಜು, ಇಯರ್‌ಫೋನಿನ ತುದಿ, ಸಿಕ್ಕಿದ್ದನ್ನು ಕಚ್ಚಿ ನುಂಗಿದರೆ ಕರುಳು ಕಟ್ಟಿಕೊಂಡು ಆಪರೇಷನ್‌ವರೆಗೆ ಹೋಗುತ್ತದೆ. ಅಷ್ಟು ಹೊತ್ತೂ ಒಬ್ಬರು ಕಣ್ಣಿಟ್ಟು ಕೂರಬೇಕು, ಅವರಿಗೆ ಸಂಬಳ ಕೊಡಬೇಕು. ನಮ್ಮಲ್ಲಿ ಬಿಟ್ಟ ಯಾವ ಫೆರೆಟ್ಟೂ ಹೀಗೆ ಆಸ್ಪತ್ರೆ ಸೇರಿಲ್ಲ ಅಂತ ನಾವು ಹೆಮ್ಮೆಯಿಂದ ಹೇಳುತ್ತೇವೆ.

ಡಿಸ್ಟೆಂಪರ್ ಅನ್ನುವ ವೈರಸ್ ಕಾಯಿಲೆಗೆ ಲಸಿಕೆ ಹಾಕಿಸಿರಬೇಕು ಅನ್ನುವ ನಿಯಮ ಹಾಗೇ ಇದೆ. ಆ ಕಾಯಿಲೆ ಬಂದರೆ ಫೆರೆಟ್ ಉಳಿಯುವುದಿಲ್ಲ ಅಂತಲೇ ಲೆಕ್ಕ, ಇದರಲ್ಲಿ ಯಾರಿಗೂ ರಿಯಾಯಿತಿ ಇಲ್ಲ.

ಬರುವಾಗ ನಿಮ್ಮ ಮನೆಯಲ್ಲಿ ಅದು ಮಲಗಿದ ಒಂದು ಬಟ್ಟೆಯನ್ನು ಒಗೆಯದೆ ತನ್ನಿ. ಪರಿಚಿತ ವಾಸನೆ ಇದ್ದರೆ ಬೇಗ ಹೊಂದಿಕೊಳ್ಳುತ್ತದೆ. ನಿಮಗೆ ಫ್ಲೂ ಇದ್ದರೆ ಮಾತ್ರ ನೀವು ಬರಬೇಡಿ, ಮನುಷ್ಯರ ಫ್ಲೂ ಫೆರೆಟ್‌ಗೂ ಅಂಟುತ್ತದೆ. ಒಂದು ಫೋನ್ ಮಾಡಿ, ನಾವೇ ಬಂದು ಕರೆದುಕೊಂಡು ಹೋಗುತ್ತೇವೆ, ಅದಕ್ಕೆ ಬೇರೆ ದುಡ್ಡು ಕೇಳುವುದಿಲ್ಲ.