ಹಡಗಿನ ಡ್ರಾಯಿಂಗ್ ಬರೆಯುವ ಪುಟ್ಟಿಗೆ

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ಹಡಗು, ಸಮುದ್ರದಲ್ಲಿ ತೈಲ ತೆಗೆಯುವ ರಿಗ್ ಕಟ್ಟುವ ಕಂಪನಿಯ ಡಿಸೈನ್ ಆಫೀಸಿಗೆ ನೀನು ಸೇರಿದ್ದು ಕೇಳಿ ತುಂಬಾ ಖುಷಿಯಾಯಿತು. ಭಾನುವಾರ ಮನೆ ತುಂಬಾ ಜನ ಇದ್ದರು, ಸಮಾಧಾನವಾಗಿ ಮಾತಾಡಲು ಆಗಲಿಲ್ಲ. ಅದಕ್ಕೇ ಈ ಪತ್ರ. ಕಂಪ್ಯೂಟರ್ ಇದ್ದರೆ ವೈಟ್‌ಫೀಲ್ಡಿನಲ್ಲಿ ಕೂತೇ ಇಡೀ ಹಡಗಿನ ಡ್ರಾಯಿಂಗ್ ಬರೆಯಬಹುದು. ನನ್ನ ಚಿಂತೆಯೂ ಅದೇ.

ಹಡಗು ಕಟ್ಟುವ ಯಾರ್ಡಿನಲ್ಲಿ ವೆಲ್ಡಿಂಗ್ ಇನ್ಸ್‌ಪೆಕ್ಟರ್ ಆಗಿದ್ದಷ್ಟು ಕಾಲವೂ ನನ್ನ ಕೈಗೆ ಬರುತ್ತಿದ್ದದ್ದು ನಿಮ್ಮಂಥವರ ಡ್ರಾಯಿಂಗು. ಕಾಗದದಲ್ಲಿ ಎಲ್ಲ ಸರಿ ಇರುತ್ತಿತ್ತು. ತಳದ ಟ್ಯಾಂಕಿನೊಳಗೆ ನುಸುಳಿ ನೋಡಿದರೆ, ಪ್ಲೇಟು ಬಾಗದಂತೆ ಬೆಸೆಯುವ ಉಕ್ಕಿನ ಪಟ್ಟಿ, ಅಂದರೆ ಸ್ಟಿಫ್ನರ್, ಅಂಥ ಎರಡರ ನಡುವೆ ವೆಲ್ಡರ್ ಕೈ ಹೋಗುತ್ತಿತ್ತು, ಹೆಲ್ಮೆಟ್ ಹಾಕಿದ ತಲೆ ಹೋಗುತ್ತಿರಲಿಲ್ಲ. ಬೆಸುಗೆ ಬೀಳುವ ಜಾಗ ಕಣ್ಣಿಗೇ ಕಾಣದು. ಮೊಣಕಾಲ ಕೆಳಗೆ ಕಾದ ಪ್ಲೇಟು, ಮೈಯೆಲ್ಲ ಬೆವರು, ಸುತ್ತ ಹೊಗೆ. ಬರೀ ಅಂದಾಜಿನ ಮೇಲೆ ರಾಡ್ ಆಡಿಸಬೇಕು. ಆ ವೆಲ್ಡ್ ಫೇಲ್ ಆದರೆ ಬೈಸಿಕೊಳ್ಳುವವನು ಅವನೇ ಅಲ್ವಾ? ಸ್ಟಿಫ್ನರನ್ನು ನಾಲ್ಕು ಬೆರಳು ಆಚೆ ಇಡಬಹುದಿತ್ತು.

ಅಲೆಕ್ಸಾಂಡರ್ ಕೀಲ್ಯಾಂಡ್ ದುರಂತದ ಬಗ್ಗೆ ಓದು. ಐದು ಕಾಲಿನ ತೇಲುವ ರಿಗ್ ಅದು. ನಾರ್ತ್ ಸೀಯಲ್ಲಿ ಕೆಲಸಗಾರರ ವಸತಿಗೆ ಇಟ್ಟಿದ್ದರು. 1980ರ ಮಾರ್ಚ್ 27ರ ಸಂಜೆ ಬಿರುಗಾಳಿಗೆ ಒಂದು ಕಾಲು ಕಳಚಿಕೊಂಡಿತು, ಸ್ವಲ್ಪ ಹೊತ್ತಿಗೆ ಇಡೀ ರಿಗ್ ಮಗುಚಿತು. ಒಳಗಿದ್ದ 212 ಜನರಲ್ಲಿ 123 ಜನ ಸತ್ತರು. ತನಿಖೆಯಲ್ಲಿ ಬಿರುಕಿನ ಮೂಲ ಸಿಕ್ಕಿದ್ದು ಒಂದು ಬ್ರೇಸಿನ ಮೇಲೆ, ಅಂದರೆ ಕಾಲನ್ನು ಹಿಡಿದಿಡುವ ಉಕ್ಕಿನ ಕೊಳವೆಯ ಮೇಲೆ. ನೀರಿನೊಳಗಿನ ಶಬ್ದ ಹಿಡಿಯುವ ಹೈಡ್ರೋಫೋನ್ ಕೂರಿಸಲು ಅಲ್ಲೊಂದು ಹಿಡಿಕೆ ಬೆಸೆದಿದ್ದರು. ಆ ಬೆಸುಗೆ ಬರೀ 6 ಮಿಲಿಮೀಟರಿನದು. ಹಿಡಿಕೆ ಭಾರ ಹೊರುವ ಭಾಗವೇ ಅಲ್ಲ ಎಂದು ಯಾರೂ ಅದರ ಕಡೆ ಅಷ್ಟು ಗಮನ ಕೊಟ್ಟಿರಲಿಲ್ಲ. ಹತ್ತು ಸೆಕೆಂಡಿಗೊಂದು ಅಲೆ ಎಂದು ಲೆಕ್ಕ ಹಾಕು, ವರ್ಷಕ್ಕೆ 30 ಲಕ್ಷ ಸಲ ಉಕ್ಕು ಎಳೆದು ಬಿಟ್ಟ ಹಾಗಾಗುತ್ತದೆ. ಸಣ್ಣ ಬಿರುಕಿಗೆ ಬೆಳೆಯಲು ಅಷ್ಟು ಸಾಕು.

ಹೊಸಬರಿಗೆ ಮೊದಲು ಸಿಗುವುದು ಇಂಥ ಪುಡಿ ಕೆಲಸಗಳೇ. ಕೇಬಲ್ ಟ್ರೇ ಕ್ಲಿಪ್ಪು, ಪೈಪಿನ ಸಪೋರ್ಟು, ಎತ್ತುವ ಕೊಂಡಿ. ಬೇಸರ ಮಾಡಿಕೊಳ್ಳಬೇಡ. ಅದು ಯಾವ ಪ್ಲೇಟಿನ ಮೇಲೆ ಕೂರುತ್ತೆ, ಅಲ್ಲಿ ಎಳೆತ ಎಷ್ಟು ಬರುತ್ತೆ ಎಂದು ಸೀನಿಯರ್‌ಗಳನ್ನು ಕೇಳು. ಎರಡು ಸಲ ಕೇಳಿದರೂ ಪರವಾಗಿಲ್ಲ.

ಇನ್ನೊಂದು ವಿಷಯ. ಈ ಉದ್ಯಮದಲ್ಲಿ ಏರಿಳಿತ ಜಾಸ್ತಿ. 2014ರಲ್ಲಿ ತೈಲದ ಬೆಲೆ ಕುಸಿದ ಮೇಲೆ, ಕಟ್ಟಿ ಮುಗಿಸಿದ ರಿಗ್ಗುಗಳೇ ತೆಗೆದುಕೊಳ್ಳುವವರಿಲ್ಲದೆ ಸಿಂಗಾಪುರ, ಚೀನಾದ ಯಾರ್ಡುಗಳಲ್ಲಿ ನಿಂತಿದ್ದವು. ರಿಗ್ಗಿನ ಜೊತೆ ಹಡಗಿನ ಕೆಲಸವನ್ನೂ ಕಲಿತಿರು. ಸಂಬಳದಲ್ಲಿ ಸ್ವಲ್ಪ ಉಳಿಸು.

ಮಲ್ಪೆಗೆ ಒಮ್ಮೆ ಹೋಗಿ ಬಾ. ಕೊಚ್ಚಿನ್ ಶಿಪ್‌ಯಾರ್ಡ್ 2020ರಲ್ಲಿ ಕೊಂಡ ಯಾರ್ಡ್ ಅಲ್ಲಿದೆ, ಈಗ ಅದರ ಹೆಸರು ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್. ದೊಡ್ಡ ಹಡಗುಗಳನ್ನು ಎಳೆಯುವ ಟಗ್ಗುಗಳನ್ನು ಕಟ್ಟುತ್ತಾರೆ, ನಾರ್ವೆಯಿಂದ ಸರಕು ಹಡಗುಗಳ ಆರ್ಡರ್ ಕೂಡ ಬಂದಿದೆ. ರಾತ್ರಿ ಬಸ್ ಹತ್ತಿದರೆ ಬೆಳಿಗ್ಗೆ ಉಡುಪಿ. ಸುಮ್ನೆ ಹೋದರೆ ಗೇಟಿನಲ್ಲೇ ನಿಲ್ಲಿಸುತ್ತಾರೆ, ಆಫೀಸಿನಿಂದ ಪತ್ರ ಮಾಡಿಸಿಕೋ. ಕಾಟನ್ ಬಟ್ಟೆ ಹಾಕು, ಸೇಫ್ಟಿ ಶೂ ಬೇಕೇ ಬೇಕು. ವೆಲ್ಡರ್‌ಗಳ ಪಕ್ಕ ನಿಂತು, ಯಾವ ಜಾಗಕ್ಕೆ ಕೈ ಹೋಗುವುದಿಲ್ಲ ಎಂದು ಅವರನ್ನೇ ಕೇಳಿ ಬರೆದುಕೋ. ದಿನ ಗೊತ್ತಾದರೆ ನನಗೆ ಫೋನ್ ಮಾಡು. ನನ್ನ ಜೊತೆ ಇದ್ದ ಫಿಟ್ಟರ್ ಒಬ್ಬರು ಈಗ ಆ ಕಡೆಯೇ ಇದ್ದಾರೆ, ಅವರಿಗೆ ಹೇಳಿಡುತ್ತೇನೆ.

ಇಂತಿ,
ನಿನ್ನ ದೊಡ್ಡಪ್ಪ
ರಾಜಾಜಿನಗರ, ಬೆಂಗಳೂರು