ಶಿರಸಿಯ ಭಾನುವಾರದ ಆಟಕ್ಕೆ ನಿಮ್ಮದೂ ಒಂದು ಕೈ ಇರಲಿ

ಆತ್ಮೀಯರೇ, ನಮಸ್ಕಾರ. ಶಿರಸಿಯಲ್ಲಿ ನಮ್ಮ ಟ್ರಸ್ಟ್ ಭಾನುವಾರಗಳಂದು ಎಲ್ಲ ಸಮುದಾಯದ ಮಕ್ಕಳನ್ನು ಸೇರಿಸಿ ಆಟ ಆಡಿಸುತ್ತದೆ, ಅದಕ್ಕೆ ನಿಮ್ಮ ನೆರವು ಕೇಳಲು ಈ ಪತ್ರ. ಇದು ಯಾಕೆ ಬೇಕಾಯಿತು ಅಂತ ಮೊದಲು ಹೇಳುತ್ತೇವೆ.

ರಿಲೇ ಓಟಕ್ಕೆ ತಂಡ ಕಟ್ಟುವಾಗ ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹುಡುಗನನ್ನು ಎಲ್ಲರಿಗಿಂತ ಮೊದಲು ಕರೆಯುತ್ತಾರೆ. ಓಟ ಮುಗಿದು ಅವಲಕ್ಕಿ ತಿನ್ನಲು ಕೂತಾಗ ಅವನ ಪಕ್ಕದ ಜಾಗ ಖಾಲಿ. ಕೂದಲು ಮುಟ್ಟಿ ನಗುವುದು, ‘ಏ ಆಫ್ರಿಕಾ’ ಅಂತ ಕೂಗುವುದು ಬೇರೆ. ಕೇಳಿದರೆ, ಸುಮ್ನೆ ತಮಾಷೆಗೆ ಅಂತಾರೆ. ಅನ್ನಿಸಿಕೊಂಡವನಿಗೆ ಅದು ತಮಾಷೆ ಅಲ್ಲ, ಅಲ್ವಾ?

ಸಿದ್ದಿಗಳು ನಿನ್ನೆ ಮೊನ್ನೆ ಬಂದವರಲ್ಲ. ಪೋರ್ಚುಗೀಸರ ಕಾಲದಲ್ಲಿ ಗುಲಾಮರಾಗಿ ಗೋವಾಕ್ಕೆ ಬಂದವರಲ್ಲಿ ಹಲವರು ತಪ್ಪಿಸಿಕೊಂಡು ನಮ್ಮ ಘಟ್ಟದ ಕಾಡು ಸೇರಿದರು. ಅವರಲ್ಲಿ ಹಿಂದೂಗಳು, ಮುಸ್ಲಿಮರು, ಕ್ರೈಸ್ತರು ಮೂವರೂ ಇದ್ದಾರೆ. ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ.

1980ರ ದಶಕದಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಸಿದ್ದಿ ಮಕ್ಕಳನ್ನು ಆರಿಸಿ ಓಟದ ತರಬೇತಿ ಕೊಟ್ಟಿತ್ತು. ಒಳ್ಳೆಯ ಕೆಲಸವೇ. ಕೆಲವೇ ವರ್ಷಗಳಲ್ಲಿ ನಿಂತುಹೋಯಿತು. ‘ಓಟ ಅವರ ರಕ್ತದಲ್ಲೇ ಇದೆ’ ಎಂಬ ಮಾತು ಮಾತ್ರ ಉಳಿಯಿತು. ಹೊಗಳಿಕೆ ಅನ್ನಿಸಬಹುದು, ನಮಗಂತೂ ಸರಿ ಕಾಣುವುದಿಲ್ಲ. ಬೆಳಗಾಗುವ ಮೊದಲೇ ಎದ್ದು ಅಭ್ಯಾಸ ಮಾಡುವ ಹುಡುಗಿಯ ಬೆವರಿಗೆ ಹಾಗಾದರೆ ಬೆಲೆ ಇಲ್ಲವೇ?

ಅದಕ್ಕೇ ನಮ್ಮ ಟ್ರಸ್ಟ್ ಸಿದ್ದಿ ತಂಡ ಅಂತ ಬೇರೆ ಮಾಡಿಲ್ಲ. ವಾಲಿಬಾಲ್, ಕಬಡ್ಡಿ ಎರಡಕ್ಕೂ ಚೀಟಿ ಎತ್ತಿ ತಂಡ ಮಾಡುತ್ತೇವೆ. ಆಡಿದ ತಂಡ ಒಂದೇ ಸಾಲಿನಲ್ಲಿ ಕೂತು ತಿನ್ನಬೇಕು. ಯಾರು ಬಡಿಸಬೇಕು ಎಂಬುದೂ ಚೀಟಿಯಲ್ಲೇ. ಮೊದಮೊದಲು ಕೆಲವು ಮನೆಯವರು ಮುಖ ಗಂಟಿಕ್ಕಿದ್ದರು. ಈಗಲೂ ಒಂದಿಬ್ಬರಿದ್ದಾರೆ ಬಿಡಿ.

ಮಧ್ಯಾಹ್ನ ಸಿದ್ದಿ ಹಿರಿಯರು ತಮ್ಮ ಚರ್ಮವಾದ್ಯ ಡಮಾಮಿ ಬಾರಿಸುವುದನ್ನು ಕಲಿಸುತ್ತಾರೆ. ಹವ್ಯಕರ ಮನೆಯ ಹುಡುಗ, ನಾಮಧಾರಿಗಳ ಹುಡುಗಿ, ಮುಸ್ಲಿಮರ ಮನೆಯ ಮಗ ಎಲ್ಲರೂ ಅವರೆದುರು ಕೂತು ಪೆಟ್ಟು ಕಲಿಯುತ್ತಾರೆ. ತಪ್ಪಿದರೆ ಅಜ್ಜ ಕೈ ಹಿಡಿದು ಚರ್ಮದ ಅಂಚಿಗೆ ಇಟ್ಟು, ‘ಇಲ್ಲಿ ಹೊಡಿ’ ಅನ್ನುತ್ತಾರೆ. ಶಾಲೆಯ ವಾರ್ಷಿಕೋತ್ಸವಕ್ಕೆ ಸಿದ್ದಿ ಮಕ್ಕಳಿಗಷ್ಟೇ ಸೊಪ್ಪು ಕಟ್ಟಿ ಕುಣಿಸುವುದಕ್ಕಿಂತ ಇದು ಮೇಲು.

ಇನ್ನು ಖರ್ಚಿನ ಮಾತು. ಶಕ್ತಿ ಯೋಜನೆ ಬಂದಮೇಲೆ ಹುಡುಗಿಯರಿಗೆ ಬಸ್ ಪುಕ್ಕಟೆ, ಹುಡುಗರಿಗೆ ಟಿಕೆಟ್ ಬೇಕು. ಸಂಜೆ ಕಡೇ ಬಸ್ ತಪ್ಪಿದರೆ ಕಾಡಿನ ಊರುಗಳಿಗೆ ಟೆಂಪೋ ಮಾಡಲೇಬೇಕು. ದುಡ್ಡು ಜಾಸ್ತಿ ಕರಗುವುದು ಅಲ್ಲೇ. ಡಮಾಮಿ ಕಲಿಸುವ ಹಿರಿಯರು ಕೂಲಿ ಬಿಟ್ಟು ಬರುತ್ತಾರೆ, ಅವರಿಗೆ ಗೌರವಧನ ಕೊಡಬೇಕು. ಮಳೆಗಾಲಕ್ಕೆ ತಾಡಪಾಲು, ಎರಡು ನೆಟ್, ಚೆಂಡುಗಳು ಬೇಕು.

500 ರೂಪಾಯಿಯಾದರೂ ಸರಿ, 5,000 ಆದರೂ ಸರಿ. ಹಣ ಬೇಡವೆಂದರೆ ಒಂದು ಭಾನುವಾರದ ಅವಲಕ್ಕಿ, ಬಾಳೆಹಣ್ಣಿನ ಖರ್ಚು ನೀವೇ ವಹಿಸಿಕೊಳ್ಳಿ. ಕೊಟ್ಟದ್ದಕ್ಕೆಲ್ಲ ರಸೀದಿ ಕೊಡುತ್ತೇವೆ, ಲೆಕ್ಕದ ಪುಸ್ತಕ ಕಚೇರಿಯಲ್ಲಿ ಯಾರು ಬೇಕಾದರೂ ನೋಡಬಹುದು. ದಾನಿಗಳ ಜೊತೆ ಮಕ್ಕಳನ್ನು ನಿಲ್ಲಿಸಿ ಫೋಟೋ ತೆಗೆಸುವ ಪದ್ಧತಿ ಮಾತ್ರ ನಮ್ಮಲ್ಲಿಲ್ಲ, ದಯವಿಟ್ಟು ಬೇಸರ ಮಾಡಿಕೊಳ್ಳಬೇಡಿ.

ಇಂತಿ,
ಟ್ರಸ್ಟಿನ ಕಾರ್ಯದರ್ಶಿ, ಶಿರಸಿ