ತುಂಬಿದ್ದು ಡೇಟಾಬೇಸ್, ದೂರು ಸರ್ವರ್ ಮೇಲೆ

ಮಾನ್ಯ ಸಂಪಾದಕರೇ,

ಜಮೀನಿನ ಗಡಿ ನಕ್ಷೆ ಸಿಗದೆ ಜನ ಪರದಾಡುತ್ತಿರುವ ಬಗ್ಗೆ ಮೊನ್ನೆ ತಮ್ಮ ಪತ್ರಿಕೆಯಲ್ಲಿ ಬಂದ ವರದಿಯನ್ನು ಓದಿದೆ. ಹಾಗೆ ಪರದಾಡಿದವರಲ್ಲಿ ನಾನೂ ಒಬ್ಬ. ‘ಸರ್ವರ್ ದೋಷ’ ಎಂದು ಭೂಮಾಪನ ಕಚೇರಿಯವರು ತಮ್ಮ ವರದಿಗಾರರಿಗೆ ಕೊಟ್ಟಿರುವ ಕಾರಣ ಸುಳ್ಳು. ಅದನ್ನು ನಾನು ಕಣ್ಣಾರೆ ಕಂಡಿರುವುದರಿಂದ ಈ ಪತ್ರ ಬರೆಯುತ್ತಿದ್ದೇನೆ.

2018ರ ಆಗಸ್ಟ್ ತಿಂಗಳ ಭೂಕುಸಿತದಲ್ಲಿ ನಮ್ಮ ತೋಟದ ಕೆಳಗಿನ ತೊರೆ ದಿಕ್ಕು ಬದಲಿಸಿತು, ಗಡಿಕಲ್ಲುಗಳು ಮಣ್ಣಿನಡಿ ಸೇರಿದವು. ಹದ್ದುಬಸ್ತಿಗೆ, ಅಂದರೆ ಗಡಿ ಅಳೆದು ಗುರುತಿಸಿಕೊಡಲು, ಅರ್ಜಿ ಕೊಟ್ಟು ಕಾದು ಕಾದು ಸಾಕಾದ ಮೇಲೆ ಕಳೆದ ವಾರ ಸರ್ವೇಯರ್ ಬಂದರು. ಸುರಿಯುವ ಮಳೆಯಲ್ಲಿ, ಜಿಗಣೆಗಳಿಗೆ ರಕ್ತ ಕೊಡುತ್ತ, ಇಬ್ಬರೂ ಅರ್ಧ ದಿನ ಗಡಿ ಸುತ್ತಿದೆವು. ಮರುದಿನ ಕಚೇರಿಯಲ್ಲಿ ನನ್ನೆದುರೇ ಆ ಗೆರೆಯನ್ನು ಕಂಪ್ಯೂಟರಿನಲ್ಲಿ ಎಳೆದು ‘ಸೇವ್’ ಒತ್ತಿದರೆ, ‘ಪ್ರೈಮರಿ’ ಫೈಲ್‌ಗ್ರೂಪ್ ತುಂಬಿದೆ, ಜಾಗವಿಲ್ಲ ಎಂಬ ಸಂದೇಶ ಬಂತು, ಅಂದರೆ ಡೇಟಾಬೇಸ್ ಮಾಹಿತಿ ಇಡುವ ಕಡತ ತುಂಬಿದೆ ಎಂದು. ಮತ್ತೆ ಒತ್ತಿದರು, ಮತ್ತೆ ಅದೇ. ಹಳೆಯ ನಕ್ಷೆ ತೆರೆಯುತ್ತಿತ್ತು, ಪಕ್ಕದವರ ತೋಟ ಕಾಣುತ್ತಿತ್ತು, ನಮ್ಮ ಹೊಸ ಗೆರೆ ಮಾತ್ರ ಉಳಿಯಲಿಲ್ಲ. ಸರ್ವರ್ ನಿಜವಾಗಿಯೂ ಕೆಟ್ಟಿದ್ದರೆ ಹಳೆಯ ನಕ್ಷೆಯಾದರೂ ಹೇಗೆ ತೆರೆಯುತ್ತಿತ್ತು?

ನಕ್ಷೆ ತಂತ್ರಾಂಶದ ಕೆಲಸವನ್ನೇ ಹದಿನೈದು ವರ್ಷ ಬೆಂಗಳೂರಿನಲ್ಲಿ ಮಾಡಿ ಊರಿಗೆ ಮರಳಿದವನಾದ ಕಾರಣ ನನಗೆ ವಿಷಯ ಅಲ್ಲೇ ತಿಳಿಯಿತು. ಅಲ್ಲಿ ಬಳಸುತ್ತಿರುವುದು ಮೈಕ್ರೋಸಾಫ್ಟ್‌ನ ಡೇಟಾಬೇಸ್ ತಂತ್ರಾಂಶವಾದ ಎಸ್‌ಕ್ಯುಎಲ್ ಸರ್ವರ್‌ನ ಉಚಿತ ಎಕ್ಸ್‌ಪ್ರೆಸ್ ಆವೃತ್ತಿ. 2022ರ ಆವೃತ್ತಿಯ ತನಕ ಅದರಲ್ಲಿ ಒಂದು ಡೇಟಾಬೇಸ್ 10 ಜಿಬಿ ಮೀರುವಂತಿಲ್ಲ, ಮತ್ತು ಈ ಮಿತಿಯನ್ನು ಅದನ್ನು ಮಾಡಿದವರು ಎಲ್ಲಿಯೂ ಮುಚ್ಚಿಟ್ಟಿಲ್ಲ. ಉಚಿತವಾದದ್ದನ್ನು ಬಳಸಿದ್ದನ್ನು ನಾನು ತಪ್ಪೆನ್ನುವುದಿಲ್ಲ. ಸರ್ವೆ ನಂಬರುಗಳ ಗಡಿ, ರಸ್ತೆ, ತೊರೆ ಇವೆಲ್ಲ ಡೇಟಾಬೇಸಿಗೆ ಬರೀ ಬಿಂದುಗಳ ಸಾಲು; ಅಷ್ಟನ್ನೇ ತುಂಬಿದ್ದರೆ ಹತ್ತು ಜಿಬಿ ಧಾರಾಳವಾಗಿ ಸಾಕಾಗುತ್ತಿತ್ತು. ಇವರು ಕುಸಿತದ ಜಾಗಗಳ ಡ್ರೋನ್ ಚಿತ್ರಗಳನ್ನೂ ತಂದು ಅದರೊಳಕ್ಕೇ ಸುರಿದಿದ್ದಾರೆ. ಚಿತ್ರಗಳನ್ನು ಬೇರೆ ಫೋಲ್ಡರಿನಲ್ಲಿಟ್ಟು ನಕ್ಷೆಯಿಂದ ಅಲ್ಲಿಗೆ ಕೊಂಡಿ ಹಾಕಿದ್ದರೆ ಸಾಕಿತ್ತು. ಈ ಕೆಲಸ ಕಲಿಯುವವನಿಗೆ ಮೊದಲ ತಿಂಗಳಲ್ಲೇ ಹೇಳಿಕೊಡುವ ಮಾತಿದು.

ಇದೇ ತಪ್ಪು ಅಲ್ಲಿ ಹಿಂದೆಯೂ ಆಗಿತ್ತೆಂದು ಕಚೇರಿಯ ಸಿಬ್ಬಂದಿಯೊಬ್ಬರು ನನಗೆ ಹೇಳಿದರು. ಮೊದಲು ನಕ್ಷೆಗಳನ್ನೆಲ್ಲ ಆಕ್ಸೆಸ್ ಎಂಬ ಚಿಕ್ಕ ಡೇಟಾಬೇಸ್ ತಂತ್ರಾಂಶದ ಫೈಲಿನಲ್ಲಿ ಇಟ್ಟಿದ್ದರಂತೆ. ಅದರ ಮಿತಿ 2 ಜಿಬಿ. ಅದು ತುಂಬಿದಾಗಲೂ ಜನರನ್ನು ‘ಸರ್ವರ್ ಇಲ್ಲ’ ಎಂದೇ ವಾಪಸ್ ಕಳಿಸಿದ್ದರು. ಎರಡು ತುಂಬಿದ್ದನ್ನು ಕಂಡವರಿಗೆ ಹತ್ತೂ ಒಂದು ದಿನ ತುಂಬುತ್ತದೆ ಎಂದು ಹೊಳೆಯಬಾರದೇ? ಎಕ್ಸ್‌ಪ್ರೆಸ್‌ನಲ್ಲಿ ನಿಗದಿತ ವೇಳೆಗೆ ತಾನೇ ಬ್ಯಾಕಪ್ ತೆಗೆಸುವ ‘ಏಜೆಂಟ್’ ಇರುವುದಿಲ್ಲ. ವಿಂಡೋಸ್‌ನ ಟಾಸ್ಕ್ ಶೆಡ್ಯೂಲರ್‌ನಲ್ಲಿ ನಾವೇ ಆ ಏರ್ಪಾಡು ಮಾಡಬೇಕು. ಕೊನೆಯ ಬ್ಯಾಕಪ್ ಯಾವಾಗ ತೆಗೆದಿರಿ ಎಂದು ಕೇಳಿದೆ. ಒಬ್ಬರು ಇನ್ನೊಬ್ಬರ ಮುಖ ನೋಡಿದರು. ಬೆಟ್ಟ ಕುಸಿದು ಗಡಿಕಲ್ಲು ಕಳೆದುಕೊಂಡವರ ಜಮೀನಿಗೆ ಉಳಿದಿರುವ ಒಂದೇ ಗುರುತು ಆ ಕಂಪ್ಯೂಟರಿನಲ್ಲಿದೆ ಎಂಬುದು ಇವರಿಗೆ ನೆನಪಿದೆಯೇ?

ನಾನು ಮೂರು ಸಲ ಬಸ್ಸಿನಲ್ಲಿ ಹೋಗಿ ಬಂದೆ. ಮಳೆ ಬಿಟ್ಟ ಎರಡು ದಿನ ಕರಿಮೆಣಸಿಗೆ ರೋಗ ತಡೆಯುವ ಬೋರ್ಡೋ ದ್ರಾವಣ ಹೊಡೆಸಬೇಕಿತ್ತು, ಆ ಎರಡು ದಿನವೂ ಕಚೇರಿಯ ಬೆಂಚಿನ ಮೇಲೆ ಕಳೆದವು. ನಕ್ಷೆಯಿಲ್ಲದೆ ಬ್ಯಾಂಕಿನವರು ಸಾಲದ ಕಡತ ಮುಟ್ಟುವುದಿಲ್ಲ. ಮೂರನೆಯ ದಿನ ನನ್ನ ಪಕ್ಕ ಕುಳಿತಿದ್ದ ವೃದ್ಧರೊಬ್ಬರು ಜಮ್ಮಾ ಬಾಣೆಯ (ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬಂದ ಜಮೀನಿನ) ಹಳೆಯ ಟಿಪ್ಪಣಿ (ಅಳತೆ ನಕ್ಷೆ) ನಕಲನ್ನು ಗೊಬ್ಬರದ ಚೀಲದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಎದೆಗೊತ್ತಿ ಹಿಡಿದುಕೊಂಡಿದ್ದರು. ಪಹಣಿಯಲ್ಲಿರುವ ಅಜ್ಜಂದಿರ ಹೆಸರು ತೆಗೆಸಲು ಅವರು ಎಷ್ಟೋ ವರ್ಷ ಅಲೆದಿದ್ದಾರೆ, ಈಗ ಇದು. ‘ನಾಳೆ ಬನ್ನಿ’ ಎಂದು ಅವರಿಗೂ ಹೇಳಿದರು. ನಾಳೆ ಆ ಡೇಟಾಬೇಸ್ ತಾನಾಗಿ ಖಾಲಿಯಾಗುವುದಿಲ್ಲ ಎಂದು ಹೇಳಿದವರಿಗೂ ಗೊತ್ತಿತ್ತು.

ದಾರಿ ಇಲ್ಲದೆ ಇಲ್ಲ. ಡೇಟಾಬೇಸ್ ತಂತ್ರಾಂಶವಾದ ಪೋಸ್ಟ್‌ಗ್ರೆಸ್ ಮತ್ತು ನಕ್ಷೆಗಳಿಗಾಗಿ ಅದಕ್ಕೆ ಸೇರಿಸುವ ಪೋಸ್ಟ್‌ಜಿಐಎಸ್ ಎರಡೂ ಉಚಿತ, ಇಂಥ 10 ಜಿಬಿಯ ಮಿತಿ ಅವುಗಳಿಗಿಲ್ಲ; ಪೋಸ್ಟ್‌ಜಿಐಎಸ್ 2001ರಿಂದಲೂ ಇದೆ, ಕ್ಯೂಜಿಐಎಸ್‌ನಂಥ ಉಚಿತ ನಕ್ಷೆ ತಂತ್ರಾಂಶ ಅದನ್ನು ನೇರವಾಗಿ ತೆರೆಯುತ್ತದೆ. ಎಕ್ಸ್‌ಪ್ರೆಸ್ಸೇ ಬೇಕೆಂದರೆ 2025ರ ಆವೃತ್ತಿಯಲ್ಲಿ ಮಿತಿಯನ್ನು 50 ಜಿಬಿಗೆ ಏರಿಸಿದ್ದಾರೆ. ಅದಕ್ಕೆ ಬದಲಾಯಿಸಲಿ, ಇಲ್ಲವೇ ಹಣ ಕೊಟ್ಟು ದೊಡ್ಡದನ್ನೇ ತರಲಿ, ಇಲ್ಲವೇ ಆ ಡ್ರೋನ್ ಚಿತ್ರಗಳನ್ನು ಇಂದೇ ಹೊರಗೆ ತೆಗೆಯಲಿ. ಏನನ್ನೇ ಮಾಡುವ ಮೊದಲು ಒಂದು ಬ್ಯಾಕಪ್ ತೆಗೆದಿಡಲಿ. ಮೇಲಧಿಕಾರಿಗಳು ಒಮ್ಮೆ ಬಂದು ಆ ಪರದೆಯನ್ನು ತಾವೇ ನೋಡಲಿ. ಇದಾವುದೂ ಆಗದಿದ್ದರೆ, ಮಳೆಯಲ್ಲಿ ನೆನೆದು ಬಂದವರಿಗೆ ಸುಳ್ಳು ಹೇಳಿ ಕಳಿಸುವ ಕೆಲಸವನ್ನಾದರೂ ಬಿಡಲಿ.

– ಒಬ್ಬ ಕಾಫಿ ಬೆಳೆಗಾರ, ಉತ್ತರ ಕೊಡಗು